ಮೂಗು ಹೇಳಿದ್ದು ಸುಳ್ಳಲ್ಲ

ಅಪ್ಪ ರಾಯಚೂರಿನಿಂದ ಬಂದ ಮೊದಲ ರಾತ್ರಿಯೇ ಕೇಳಿದರು, "ಏನೋ ಇದು, ಖೋಲ್ಯಾಗ ಹಸೀ ಚಾಪಿ ವಾಸನಿ ಹೊಡೀತದಲ್ಲ?"

ನನಗೆ ಅಂಥದ್ದೇನೂ ಅನ್ನಿಸಿರಲಿಲ್ಲ. ಅಥವಾ ದಿನಾ ಅದರಲ್ಲೇ ಮಲಗಿ ಮೂಗು ಒಗ್ಗಿಹೋಗಿತ್ತು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಸೆಖೆ ತಡೆಯಲಾರದೆ ಹಾಕಿಸಿದ ಎಸಿ ಅದು. ಅಪ್ಪನಿಗೆ ಮೊದಲಿಂದಲೂ ದಮ್ಮಿನ ತೊಂದರೆ. ತಣ್ಣಗೆ ಮಲಗಲಿ ಅಂತ ಎಸಿ ಇರುವ ಕೋಣೆಯನ್ನೇ ಅವರಿಗೆ ಬಿಟ್ಟುಕೊಟ್ಟಿದ್ದೆ. ಮರುದಿನ ಅಂಗಡಿಯಿಂದ ಮಲ್ಲಿಗೆ ಪರಿಮಳದ ಸ್ಪ್ರೇ ತಂದು ಎಸಿಯ ಬಾಯಿಗೆ ಧಾರಾಳವಾಗಿ ಹೊಡೆದೆ. ಆ ರಾತ್ರಿ ಎರಡು ಗಂಟೆಗೆ ಅಪ್ಪ ಎದ್ದು ಕೂತು ಕೆಮ್ಮುತ್ತಿದ್ದರು.

ಮೂರನೇ ದಿನ ಬಂದ ಮೆಕ್ಯಾನಿಕ್ ಒಳಗಿನ ಯೂನಿಟ್ಟನ್ನು ಬಿಚ್ಚಿ ಸಹ ನೋಡಲಿಲ್ಲ. "ಗ್ಯಾಸ್ ಲೀಕ್ ಸಾರ್, ಅದಕ್ಕೇ ವಾಸನೆ" ಅಂದ. ಗ್ಯಾಸ್ ತುಂಬಿದ, ದುಡ್ಡು ಎಣಿಸಿಕೊಂಡ, ಹೋದ. ವಾಸನೆ ಮಾತ್ರ ಎಲ್ಲೂ ಹೋಗಲಿಲ್ಲ :-)

ಆಮೇಲೆ ಒಂದು ವಾರ ಆಫೀಸು ಮುಗಿಸಿ ಬಂದು ಇದರ ಬಗ್ಗೆಯೇ ಓದುತ್ತಾ ಕೂತೆ. ಓದುತ್ತಾ ಹೋದಂತೆ ಗೊತ್ತಾಗಿದ್ದು, ನಾನು ಮಾಡಿದ ತಪ್ಪಿಗೂ ಮೆಕ್ಯಾನಿಕ್ ಮಾಡಿದ ತಪ್ಪಿಗೂ ದೊಡ್ಡ ಇತಿಹಾಸವೇ ಇದೆ ಅಂತ. ಅದನ್ನೇ ಇಲ್ಲಿ ಹೇಳುತ್ತಿದ್ದೇನೆ.

ಮೊದಲು ನನ್ನ ತಪ್ಪು. ನಮ್ಮ ದೇಶದಲ್ಲಿ ತಂಪಿಗೂ ಸುವಾಸನೆಗೂ ಹಳೆಯ ನಂಟು. ಲಾವಂಚದ ಬೇರಿನ ಕೋಣೆ ಕಟ್ಟಿ ಅದಕ್ಕೆ ನೀರು ಸುರಿದರೆ ಬೇಸಿಗೆಯಲ್ಲೇ ಚಳಿಗಾಲ ಬಂದಂತಾಗುತ್ತದೆ ಎಂಬರ್ಥದ ಮಾತು ಅಬುಲ್ ಫಜಲ್‌ನ ಐನ್-ಎ-ಅಕ್ಬರಿಯಲ್ಲಿದೆ. ಮುಂದೆ ಬ್ರಿಟಿಷರೂ ಬಾಗಿಲು ಕಿಟಕಿಗಳಿಗೆ ಲಾವಂಚದ ತಟ್ಟಿ ಕಟ್ಟಿಸಿ, ಆಳುಗಳಿಂದ ದಿನವಿಡೀ ನೀರು ಹಾಕಿಸುತ್ತಿದ್ದರು. 19ನೇ ಶತಮಾನದಲ್ಲಿ ಮರದ ದೊಡ್ಡ ಪೆಟ್ಟಿಗೆಯೊಳಗೆ ಫ್ಯಾನ್ ಇಟ್ಟು, ಪಕ್ಕಕ್ಕೆ ಒದ್ದೆ ತಟ್ಟಿ ಕಟ್ಟಿ, ಕೈಯಲ್ಲಿ ತಿರುಗಿಸುವ ಯಂತ್ರವೂ ಬಂತು. ಅದರ ಹೆಸರು ಥರ್ಮಾಂಟಿಡೋಟ್. ನಮ್ಮ ರಾಯಚೂರು, ಕಲಬುರಗಿ ಕಡೆ ಮನೆಮನೆಯಲ್ಲಿ ಗುಂಯ್‌ಗುಡುವ ಕೂಲರಿನ ಮುತ್ತಜ್ಜ ಅದು.

ಯುರೋಪಿನಲ್ಲಿ ವಾಸನೆಯ ಕಥೆಯೇ ಬೇರೆ. ಅಲ್ಲಿ ದುರ್ವಾಸನೆ ಬರೀ ಕಿರಿಕಿರಿಯಲ್ಲ, ಅದೇ ರೋಗ. ಕೊಳೆತ ಜಾಗದಿಂದ ಏಳುವ ಕೆಟ್ಟ ಗಾಳಿಯಿಂದಲೇ ಕಾಯಿಲೆ ಹರಡುತ್ತದೆ ಅಂತ ಶತಮಾನಗಳ ಕಾಲ ವೈದ್ಯರೇ ನಂಬಿದ್ದರು. ಮಲೇರಿಯಾ ಎಂಬ ಹೆಸರೇ ಇಟಾಲಿಯನ್ ಭಾಷೆಯ 'ಕೆಟ್ಟ ಗಾಳಿ'ಯಿಂದ ಬಂದದ್ದು. 17ನೇ ಶತಮಾನದ ಪ್ಲೇಗ್ ವೈದ್ಯರು ಹಕ್ಕಿಯ ಕೊಕ್ಕಿನಂಥ ಮುಖವಾಡ ಹಾಕಿ, ಕೊಕ್ಕಿನ ತುಂಬ ಪರಿಮಳದ ಸೊಪ್ಪು ತುಂಬಿಕೊಳ್ಳುತ್ತಿದ್ದರಂತೆ. ನನ್ನ ಮಲ್ಲಿಗೆ ಸ್ಪ್ರೇಗೂ ಅದಕ್ಕೂ ಏನು ವ್ಯತ್ಯಾಸ ಹೇಳಿ?

ಯಂತ್ರದಿಂದ ಕೋಣೆ ತಂಪು ಮಾಡುವ ಕನಸು ಹುಟ್ಟಿದ್ದೂ ಈ ನಂಬಿಕೆಯಿಂದಲೇ. ಅಮೆರಿಕದ ಫ್ಲಾರಿಡಾದಲ್ಲಿ ಅಪಲಚಿಕೋಲಾ ಅಂತ ಜೌಗು ನೆಲದ ಬಂದರು. 1840ರ ದಶಕದಲ್ಲಿ ಜಾನ್ ಗೋರಿ ಎಂಬ ವೈದ್ಯ ಅಲ್ಲಿ ಜ್ವರದ ರೋಗಿಗಳ ಕೋಣೆಯ ಸೂರಿಗೆ ಮಂಜುಗಡ್ಡೆಯ ಬೋಗುಣಿ ತೂಗುಹಾಕಿ ಗಾಳಿ ತಂಪು ಮಾಡುತ್ತಿದ್ದ. ಮಂಜುಗಡ್ಡೆ ಉತ್ತರದಿಂದ ಹಡಗಿನಲ್ಲಿ ಬರಬೇಕು. ಅದನ್ನು ನೆಚ್ಚಿಕೊಂಡರಾಗದು ಅಂತ ಗಾಳಿಯನ್ನು ಒತ್ತಿ ಹಿಗ್ಗಿಸಿ ಮಂಜುಗಡ್ಡೆ ಮಾಡುವ ಯಂತ್ರವನ್ನೇ ಕಟ್ಟಿದ. 1851ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು, ದುಡ್ಡು ಹಾಕುವವರು ಸಿಗಲಿಲ್ಲ. 1855ರಲ್ಲಿ ತೀರಿಕೊಂಡ.

ಗೋರಿ ಬಡಿದಾಡಿದ್ದು ಜೌಗಿನ ಕೆಟ್ಟ ಗಾಳಿಯ ವಿರುದ್ಧ. ಆದರೆ ಜ್ವರ ಬರುತ್ತಿದ್ದದ್ದು ಜೌಗಿನ ಸೊಳ್ಳೆಯಿಂದ. ಹಾಗಂತ ಅವನ ಮೂಗು ಸುಳ್ಳು ಹೇಳಿತ್ತೇ? ಇಲ್ಲ. ವಾಸನೆಯೂ ಸೊಳ್ಳೆಯೂ ಎದ್ದು ಬರುತ್ತಿದ್ದದ್ದು ಒಂದೇ ನಿಂತ ನೀರಿನಿಂದ. ಮೂಗು ನೀರಿನ ಕಡೆ ಬೊಟ್ಟು ಮಾಡಿತ್ತು, ಮನುಷ್ಯ ಗಾಳಿಯನ್ನು ಹಿಡಿದುಕೊಂಡ, ಅಷ್ಟೇ.

ಇಲ್ಲಿ ನಮ್ಮ ಬೆಂಗಳೂರೂ ಒಂದು ಗಳಿಗೆ ಬಂದು ಹೋಗುತ್ತದೆ. 1883ರಲ್ಲಿ ಇಲ್ಲಿ ಸೇನಾ ವೈದ್ಯನಾಗಿದ್ದ ರೊನಾಲ್ಡ್ ರಾಸ್, ತನ್ನ ಬಂಗಲೆಯಲ್ಲಿ ಸೊಳ್ಳೆ ಯಾಕಿಷ್ಟು ಅಂತ ನೋಡಿದರೆ, ಹೊರಗೆ ನೀರು ನಿಂತ ತೊಟ್ಟಿಯಲ್ಲಿ ಅವು ಮರಿ ಮಾಡುತ್ತಿದ್ದವು. ನೀರು ಚೆಲ್ಲಿಸಿದ, ಸೊಳ್ಳೆ ಕಡಿಮೆಯಾದವು. ಅದೇ ರಾಸ್ 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಪರಾವಲಂಬಿಯನ್ನು ಕಂಡ. 1902ರಲ್ಲಿ ನೊಬೆಲ್ ಬಂತು.

ಅದೇ 1902ರಲ್ಲಿ ಇಂದಿನ ಎಸಿ ಹುಟ್ಟಿತು. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಸ್ಯಾಕೆಟ್ ಅಂಡ್ ವಿಲ್ಹೆಲ್ಮ್ಸ್ ಎಂಬ ಮುದ್ರಣಾಲಯ. ಬೇಸಿಗೆಯ ತೇವಕ್ಕೆ ಕಾಗದ ಹಿಗ್ಗಿ, ಒಂದರ ಮೇಲೊಂದು ಅಚ್ಚಾಗಬೇಕಾದ ಬಣ್ಣಗಳು ಆಚೀಚೆ ಸರಿಯುತ್ತಿದ್ದವು. ಪರಿಹಾರ ಹುಡುಕಲು ಹೊರಟ ಇಂಜಿನಿಯರ್ ವಿಲ್ಲಿಸ್ ಕ್ಯಾರಿಯರ್‌ಗೆ ಆಗ 25 ವರ್ಷ, ನನಗಿಂತ ಚಿಕ್ಕವ! ಅವನ ನಕ್ಷೆಗಳ ಮೇಲಿರುವ ತಾರೀಕು 1902ರ ಜುಲೈ 17. ತಣ್ಣನೆಯ ಕೊಳವೆಗಳ ಮೇಲೆ ಗಾಳಿ ಹಾಯಿಸಿ, ಅದರೊಳಗಿನ ತೇವವನ್ನು ನೀರಾಗಿ ಇಳಿಸುವುದು ಅವನ ಉಪಾಯ. ಅವನಿಗೆ ಬೇಕಿದ್ದದ್ದು ಹದವಾದ ತೇವ, ಜನರಿಗೆ ತಂಪಲ್ಲ.

ಅಂದರೆ ಎಸಿ ಹುಟ್ಟಿನಿಂದಲೇ ಗಾಳಿಯಿಂದ ನೀರು ಹಿಂಡುವ ಯಂತ್ರ. ತಣ್ಣನೆಯ ಮಜ್ಜಿಗೆ ಲೋಟ ಹೊರಗೆ ಬೆವರುತ್ತದಲ್ಲ, ಹಾಗೆಯೇ ಎಸಿಯೊಳಗಿನ ಕಾಯಿಲ್ ಬೆವರುತ್ತದೆ. ಮಂಗಳೂರಿನಂಥ ತೇವದ ಊರಲ್ಲಿ ಗಂಟೆಗೆ ಲೀಟರಿನಷ್ಟು ನೀರು ಇಳಿಯುವುದೂ ಉಂಟು. ಅದು ಒಂದು ತಟ್ಟೆಗೆ ಬಿದ್ದು, ಪೈಪಿನಲ್ಲಿ ಹೊರಗೆ ಹೋಗಬೇಕು. ಕತ್ತಲೆ, ಒದ್ದೆ, ಜೊತೆಗೆ ಮನೆಯ ಧೂಳು, ಚರ್ಮದ ಹೊಟ್ಟು, ಒಗ್ಗರಣೆಯ ಜಿಡ್ಡು. ಬ್ಯಾಕ್ಟೀರಿಯಾ, ಬೂಷ್ಟುಗಳಿಗೆ ಇದಕ್ಕಿಂತ ಒಳ್ಳೆಯ ಛತ್ರ ಎಲ್ಲಿ ಸಿಗಬೇಕು? ಅವು ಅಂಟಂಟಾದ ಪೊರೆ ಕಟ್ಟಿಕೊಂಡು ಬೆಳೆಯುತ್ತವೆ. ಕಂಪ್ರೆಸರ್ ನಿಂತು ಫ್ಯಾನ್ ಮಾತ್ರ ತಿರುಗುವಾಗ ಆ ನೀರು ಮತ್ತೆ ಆವಿಯಾಗುತ್ತಾ ವಾಸನೆಯನ್ನೂ ಕೋಣೆಗೆ ತರುತ್ತದೆ. ಮೊದಲ ಮಳೆಗೆ ಏಳುವ ಮಣ್ಣಿನ ಘಮದಲ್ಲಿರುವ ಜಿಯೋಸ್ಮಿನ್ ಕೂಡ ಸೂಕ್ಷ್ಮಜೀವಿಗಳು ಮಾಡಿದ್ದೇ. ನಾವೆಲ್ಲ ವರ್ಷಕ್ಕೊಮ್ಮೆ ತಪ್ಪದೆ ಹಾಡಿ ಹೊಗಳುವ ಆ ಘಮದ ಬಡ ನೆಂಟ ನಮ್ಮ ಎಸಿಯೊಳಗೆ ಕೂತಿರುತ್ತಾನೆ!

ಇನ್ನು ಮೆಕ್ಯಾನಿಕ್ ತಪ್ಪು. ಅವನು ಹೇಳಿದ ಮಾತು ನೂರು ವರ್ಷದ ಹಿಂದಾಗಿದ್ದರೆ ಸರಿಯಾಗಿಯೇ ಇರುತ್ತಿತ್ತು. 1920ರ ದಶಕದ ಫ್ರಿಜ್ಜುಗಳಲ್ಲಿ ಇರುತ್ತಿದ್ದದ್ದು ಅಮೋನಿಯಾ, ಸಲ್ಫರ್ ಡೈಆಕ್ಸೈಡ್, ಮೀಥೈಲ್ ಕ್ಲೋರೈಡ್. ಮೊದಲೆರಡು ಸೋರಿದರೆ ಮೂಗು ಕಿತ್ತುಬರುವ ನಾತ, ಜನ ಎದ್ದು ಓಡುತ್ತಿದ್ದರು. ಮೂರನೆಯದಕ್ಕೆ ಮಂದವಾದ ಸಿಹಿ ವಾಸನೆ, ನಿದ್ದೆಯಲ್ಲಿದ್ದವರಿಗೆ ತಿಳಿಯುತ್ತಲೇ ಇರಲಿಲ್ಲ. 1929ರಲ್ಲಿ ಷಿಕಾಗೋದಲ್ಲಿ ಅದಕ್ಕೆ ಹಲವರು ಬಲಿಯಾದರು. ಬರ್ಲಿನ್ನಿನಲ್ಲಿ ಒಂದು ಕುಟುಂಬ ಹೀಗೆ ಫ್ರಿಜ್ಜಿನ ವಿಷಾನಿಲಕ್ಕೆ ಸತ್ತ ಸುದ್ದಿ ಓದಿಯೇ ಐನ್‌ಸ್ಟೀನ್ ಮತ್ತು ಲಿಯೋ ಸಿಲಾರ್ಡ್ ಸೇರಿ ಸೋರದ ಫ್ರಿಜ್ ಮಾಡಲು ಹೊರಟದ್ದು. 1930ರಲ್ಲಿ ಅವರಿಗೆ ಅಮೆರಿಕದ ಪೇಟೆಂಟೂ ಸಿಕ್ಕಿತು.

ಆದರೆ ಗೆದ್ದದ್ದು ಬೇರೆಯದು. ಅದೇ 1930ರಲ್ಲಿ ಥಾಮಸ್ ಮಿಜ್ಲಿ ಎಂಬ ಇಂಜಿನಿಯರ್ ರಸಾಯನಶಾಸ್ತ್ರಜ್ಞರ ಸಭೆಯಲ್ಲಿ ಒಂದು ಹೊಸ ಅನಿಲವನ್ನು ಎದೆ ತುಂಬ ಎಳೆದುಕೊಂಡು, ಉಸಿರು ಬಿಟ್ಟು ಮೇಣದಬತ್ತಿ ಆರಿಸಿ ತೋರಿಸಿದ. ವಿಷವಲ್ಲ, ಉರಿಯುವುದಿಲ್ಲ ಅಂತ ಒಂದೇ ಉಸಿರಿನಲ್ಲಿ ಸಾಬೀತು! ಅದು ಫ್ರಿಯಾನ್. ಅದಕ್ಕೆ ವಾಸನೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಮೂಗಿಗೆ ಯಾವ ತಕರಾರೂ ಇಲ್ಲದ ಆ ಅನಿಲ ಓಜೋನ್ ಪದರವನ್ನು ತಿನ್ನಬಲ್ಲದು ಅಂತ ಮೊಲಿನಾ ಮತ್ತು ರೋಲೆಂಡ್ ಹೇಳುವ ಹೊತ್ತಿಗೆ 1974 ಆಗಿತ್ತು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದ ಆಗಬೇಕಾಯಿತು. ಈಗಿನ ಮನೆ ಎಸಿಗಳ ಆರ್-32, ಆರ್-410ಎ ಅನಿಲಗಳಿಗೂ ಹೇಳಿಕೊಳ್ಳುವಂಥ ವಾಸನೆಯಿಲ್ಲ. ಗ್ಯಾಸ್ ಸೋರಿದರೆ ತಂಪು ಕಡಿಮೆಯಾಗುತ್ತದೆಯೇ ಹೊರತು ಹಸಿ ಚಾಪೆಯ ವಾಸನೆ ಬರುವುದಿಲ್ಲ.

ಹಾಗಾದರೆ ವಾಸನೆ ಇಲ್ಲದಿದ್ದರೆ ನೆಮ್ಮದಿಯೇ? ಅದೂ ಇಲ್ಲ. 1968ರಲ್ಲಿ ಅಮೆರಿಕದ ಪಾಂಟಿಯಾಕ್ ಊರಿನ ಒಂದು ಕಟ್ಟಡದಲ್ಲಿ 144 ಜನಕ್ಕೆ ಜ್ವರ ಬಂತು. ಯಾವ ಕಟ್ಟಡ ಗೊತ್ತೇ? ಆರೋಗ್ಯ ಇಲಾಖೆಯದು! ಕಾರಣ ಎಸಿ ವ್ಯವಸ್ಥೆಯ ಮೂಲಕ ಒಳಗೆ ಬರುತ್ತಿದ್ದ ನೀರಿನ ತುಂತುರು. ಅಲ್ಲಿ ಯಾರೂ ಸಾಯಲಿಲ್ಲ. 1976ರ ಜುಲೈನಲ್ಲಿ ಫಿಲಡೆಲ್ಫಿಯಾದ ಬೆಲ್‌ವ್ಯೂ-ಸ್ಟ್ರಾಟ್‌ಫರ್ಡ್ ಹೋಟೆಲಿನಲ್ಲಿ ಅಮೆರಿಕನ್ ಲೀಜನ್ ಎಂಬ ಮಾಜಿ ಸೈನಿಕರ ಸಂಘದ ಸಮ್ಮೇಳನ ನಡೆಯಿತು. ಮನೆಗೆ ಹೋದವರು ಒಬ್ಬೊಬ್ಬರಾಗಿ ನ್ಯುಮೋನಿಯಾಕ್ಕೆ ಬಿದ್ದರು. 221 ಮಂದಿಗೆ ಕಾಯಿಲೆ, 34 ಸಾವು. ತಿಂಗಳುಗಟ್ಟಲೆ ಕಾರಣ ಸಿಗಲಿಲ್ಲ. 1977ರ ಜನವರಿಯಲ್ಲಿ ಜೋಸೆಫ್ ಮೆಕ್‌ಡೇಡ್ ಮತ್ತವರ ಸಂಗಡಿಗರು ಹಿಡಿದ ಬ್ಯಾಕ್ಟೀರಿಯಾಕ್ಕೆ ಸತ್ತವರ ನೆನಪಿನಲ್ಲೇ ಲೀಜನೆಲ್ಲಾ ಅಂತ ಹೆಸರಾಯಿತು. ದೊಡ್ಡ ಕಟ್ಟಡಗಳ ಕೂಲಿಂಗ್ ಟವರಿನ ಬೆಚ್ಚಗಿನ ನೀರಿನಲ್ಲಿ ಅದು ಬೆಳೆಯುತ್ತದೆ. ಮನೆಯ ಸ್ಪ್ಲಿಟ್ ಎಸಿಗೆ ಆ ಟವರ್ ಇಲ್ಲ, ಗಾಬರಿ ಬೇಡ. ಆದರೆ ಪಾಠ ಒಂದೇ. ಗೋರಿಯ ಜೌಗು, ರಾಸ್‌ನ ತೊಟ್ಟಿ, ಫಿಲಡೆಲ್ಫಿಯಾ, ಎಲ್ಲ ಕಡೆಯೂ ನೋಡಬೇಕಾದದ್ದು ನೀರನ್ನು. ವಾಸನೆ ಬಂದರೆ ಅದು ಪುಕ್ಕಟೆ ಸಿಕ್ಕ ಸುಳಿವು. ಅದರ ಮೇಲೆ ಮಲ್ಲಿಗೆ ಸುರಿಯುವುದೆಂದರೆ ಸುಳಿವನ್ನೇ ಒರೆಸಿ ಹಾಕಿದಂತೆ.

ಇಷ್ಟೆಲ್ಲ ಓದಿ ನಾನು ಅಪ್ಪನಿಗೆ ವಿವರಿಸಲು ಹೋದರೆ ಅವರು ಅರ್ಧಕ್ಕೇ ತಡೆದು ಕೇಳಿದರು, "ನಮ್ಮ ಕೂಲರಿನ ಹುಲ್ಲು ವರ್ಷಾ ಬದಲಸ್ತೀವಿ, ಟಾಕಿ ತೊಳೀತೀವಿ. ಇದರಾಗ ನೀರು ನಿಲ್ಲೂದು ಎಲ್ಲಿ, ಅದನ್ನ ತೊಳ್ದಿಯೇನು?"

ಒಂದು ವಾರದ ಓದು, ಒಂದು ಪ್ರಶ್ನೆ. ನಾನು ಸುಮ್ಮನಾದೆ.

ಇನ್ನೊಬ್ಬ ಮೆಕ್ಯಾನಿಕ್‌ನನ್ನು ಕರೆಸಿ ಪೂರ್ತಿ ಬಿಚ್ಚಿಸಿದೆ. ತಟ್ಟೆಯಲ್ಲಿ ಬೆರಳು ದಪ್ಪದ ಲೋಳೆ, ಬ್ಲೋವರಿನ ರೆಕ್ಕೆಗಳ ಮೇಲೆ ಕಪ್ಪು ಬೂಷ್ಟು. ನೀರು ಹೋಗುವ ಪೈಪು ಗೋಡೆ ದಾಟುವಲ್ಲಿ ಮೇಲಕ್ಕೆ ಬಾಗಿತ್ತು. ಹಾಕಿಸಿದ ದಿನದಿಂದಲೂ ತಟ್ಟೆಯಲ್ಲಿ ನೀರು ನಿಲ್ಲುತ್ತಲೇ ಇತ್ತು ಅನ್ನಿ. ಕಾಯಿಲ್, ಬ್ಲೋವರ್, ತಟ್ಟೆ ಮೂರನ್ನೂ ತೊಳೆಸಿ, ಪೈಪಿಗೆ ಇಳಿಜಾರು ಕೊಡಿಸಿದೆ. ಈಗ ಎರಡು ವಾರಕ್ಕೊಮ್ಮೆ ಫಿಲ್ಟರ್ ತೊಳೆಯುತ್ತೇನೆ, ಆಫ್ ಮಾಡುವ ಮುಂಚೆ ಇಪ್ಪತ್ತು ನಿಮಿಷ ಬರೀ ಫ್ಯಾನ್ ಓಡಿಸಿ ಕಾಯಿಲ್ ಒಣಗಿಸುತ್ತೇನೆ.

ಅಪ್ಪನ ಕೆಮ್ಮಿಗೆ ಎಸಿಯೇ ಕಾರಣ ಅಂತ ನಾನು ಹೇಳಲಾರೆ, ದಮ್ಮು ಅವರಿಗೆ ಹಳೆಯದು. ಮನೆಯೊಳಗಿನ ತೇವ, ಬೂಷ್ಟು ಉಸಿರಾಟದ ತೊಂದರೆಗಳನ್ನು ಹೆಚ್ಚಿಸುತ್ತವೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಹೇಳಿದೆ. ಅದನ್ನು ಓದಿದ ಮೇಲೆ, ಒಳ್ಳೆಯದಾಗಲಿ ಅಂತ ನಾನೇ ಅವರನ್ನು ಆ ಕೋಣೆಯಲ್ಲಿ ಮಲಗಿಸಿದ್ದೆನಲ್ಲ ಅನ್ನುವುದು ಮನಸ್ಸಿನಿಂದ ಹೋಗುತ್ತಿಲ್ಲ. ಊರಿಗೆ ಹೊರಡುವ ಹಿಂದಿನ ರಾತ್ರಿ ಅಪ್ಪ ಕೋಣೆಗೆ ಬಂದು ಒಮ್ಮೆ ಉಸಿರೆಳೆದು, "ಈಗ ಛಲೋ ಅದ" ಅಂದು ಮಲಗಿದರು.

ಕೊನೆಗೊಂದು ಮಾತು. ನಿಮ್ಮ ಎಸಿಗೆ ವಾಸನೆ ಇದೆಯಾ ಅಂತ ನಿಮ್ಮ ಮೂಗನ್ನು ಕೇಳಬೇಡಿ, ಅದು ಎಂದೋ ಒಗ್ಗಿಹೋಗಿರುತ್ತದೆ. ಊರಿನಿಂದ ಬಂದವರನ್ನು ಕೇಳಿ.