ಮೈಸೂರಿನ ಅಂಚೆ

ಬೆಂಗಳೂರಿನ ಹಳೆಯ ಪೇಟೆಯಲ್ಲಿ ಸುಲ್ತಾನ್‌ಪೇಟೆಗೆ ಸಮೀಪವಾಗಿ ಅಂಚೆಪೇಟೆಯೆಂಬ ಕೇರಿಯುಂಟು. ಹಂಸ ಶಬ್ದದ ತದ್ಭವವೂ ಅಂಚೆಯೇ ಆದುದರಿಂದ, ದಮಯಂತಿಯ ಬಳಿಗೆ ಸಂದೇಶವೊಯ್ದ ಹಕ್ಕಿಯೇ ಓಲೆಯ ಸಾಗಣೆಗೂ ಹೆಸರಿತ್ತಿತೆಂಬ ಊಹೆ ರಮ್ಯವೇ ಸರಿ. ಆದರೆ ತಿರುವಾಂಕೂರು ಕೊಚ್ಚಿಗಳಲ್ಲಿ ಇಂತಹ ಏರ್ಪಾಡಿಗೆ ‘ಅಂಚಲ್’ ಎಂಬ ಹೆಸರಿದ್ದುದನ್ನು ನೋಡಿದರೆ ಆ ನಿಷ್ಪತ್ತಿಯನ್ನು ಒಪ್ಪುವುದು ಕಷ್ಟ.

ಮೈಸೂರಿನಲ್ಲಿ ಕ್ರಮವಾದ ಅಂಚೆಯನ್ನು ಸ್ಥಾಪಿಸಿದವರು ಚಿಕ್ಕದೇವರಾಜ ಒಡೆಯರು (1673–1704). ವಿಲ್ಕ್ಸನ ಇತಿಹಾಸದ ಪ್ರಕಾರ ಅಂಚೆಯ ಅಧಿಕಾರಿಗಳು ಆಸ್ಥಾನದ ಆಪ್ತರು, ಕೆಳಗಿನ ನೌಕರರು ಗೂಢಚಾರರು. ದೂರದ ಓಲೆಯನ್ನು ತಂದೊಪ್ಪಿಸುವವರೇ ಸೀಮೆಯ ಗುಟ್ಟನ್ನೂ ಅರಸನಿಗೆ ಮುಟ್ಟಿಸುತ್ತಿದ್ದರು. ಈ ಸಾಧನವನ್ನು ಹೈದರನು ಇನ್ನಷ್ಟು ಹರಿತಗೊಳಿಸಿದನು. 1889ರಲ್ಲಿ ಮೈಸೂರಿನ ಅಂಚೆಯು ಬ್ರಿಟಿಷ್ ಇಂಡಿಯದ ಅಂಚೆಯಲ್ಲಿ ಲೀನವಾಯಿತು.

ಹೆಸರು ಮಾತ್ರ ‘ಮಿಂಚಂಚೆ’ಯಲ್ಲಿ ಉಳಿದಿದೆ. ಇಲ್ಲಿ ಓಟಗಾರನಿಲ್ಲ; ದೂರದ ಯಂತ್ರವೊಂದು ಓಲೆಗಳನ್ನು ಕಾದಿರಿಸುತ್ತದೆ, ಊರಿನ ಯಂತ್ರವು ಗುಪ್ತಪದವನ್ನೊಪ್ಪಿಸಿ ಅವನ್ನು ತರಿಸಿಕೊಂಡು ಅವರವರ ಪೆಟ್ಟಿಗೆಗೆ ಹಂಚುತ್ತದೆ. 1982ರಲ್ಲಿ ಗೊತ್ತುಮಾಡಿದ ನಿಯಮದಂತೆ ಮಿಂಚಂಚೆಯ ಪ್ರತಿಯೊಂದು ಠಾಣ್ಯಕ್ಕೂ ‘ಪೋಸ್ಟ್‌ಮಾಸ್ಟರ್’ ಎಂಬ ವಿಳಾಸವಿರಬೇಕು. ಯಂತ್ರವನ್ನು ನೋಡಿಕೊಳ್ಳುವ ಆ ಅಧಿಕಾರಿಯು ಅಲ್ಲಿ ತಂಗಿದ ಓಲೆಗಳನ್ನು ತೆರೆದು ಓದಬಲ್ಲನು, ಬರೆದವರೇ ಗೂಢಲಿಪಿಯಲ್ಲಿ ಮುಚ್ಚಿ ಕಳುಹಿಸಿದವನ್ನುಳಿದು.