ಕೊಪ್ಪಳ ಸೀಮೆಯಲ್ಲಿ ಎಚ್.ಐ.ವಿ.: ಗುಳೆ, ಪರೀಕ್ಷೆ ಮತ್ತು ಚಿಕಿತ್ಸೆಯ ಚರಿತ್ರೆ

ಕೊಪ್ಪಳದ ಚರಿತ್ರೆಯೆಂದರೆ ಗವಿಮಠ ಮತ್ತು ಪಾಲ್ಕಿಗುಂಡುಗಳ ಅಶೋಕನ ಶಾಸನಗಳು, ಜೈನ ನೆಲೆಗಳು, 1858ರಲ್ಲಿ ಮುಂಡರಗಿ ಭೀಮರಾಯನು ಕೋಟೆಯಲ್ಲಿ ಮಡಿದ ಪ್ರಸಂಗ ಎಂಬ ಕ್ರಮದಲ್ಲಿಯೇ ಬಹುಮಟ್ಟಿಗೆ ನಿರೂಪಿತವಾಗಿದೆ. ಈ ನೆಲದ ಜನರ ರೋಗ-ಆರೋಗ್ಯಗಳ ಚರಿತ್ರೆಗೆ ದೊರೆತ ಗಮನ ಅಲ್ಪ. ಇಪ್ಪತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಈ ಸೀಮೆಯನ್ನು ಪ್ರವೇಶಿಸಿದ ಎಚ್.ಐ.ವಿ. ಸೋಂಕಿನ ವಿಷಯದಲ್ಲಂತೂ ಚರ್ಚೆಯು ನೀತಿ-ಅನೀತಿಗಳ ಮಾತಿನಲ್ಲಿಯೇ ತೊಡಗಿ ಅಲ್ಲಿಯೇ ಮುಗಿದಿರುವುದುಂಟು. ವಸ್ತುತಃ ಇದು ಮಳೆ, ನೀರಾವರಿ, ಹೆದ್ದಾರಿ ಹಾಗೂ ಆಸ್ಪತ್ರೆಯ ದೂರಗಳಿಗೆ ಸಂಬಂಧಿಸಿದ ಚರಿತ್ರೆ.

ಭಾರತದಲ್ಲಿ ಈ ಸೋಂಕು ಮೊದಲು ಪತ್ತೆಯಾದುದು 1986ರಲ್ಲಿ, ಮದರಾಸಿನಲ್ಲಿ. ಡಾ. ಸುನೀತಿ ಸಾಲೋಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಅವರು ಪರೀಕ್ಷೆಗೆ ಒಳಪಡಿಸಿದ್ದು ಲೈಂಗಿಕ ವೃತ್ತಿಯಲ್ಲಿದ್ದ ಮಹಿಳೆಯರ ರಕ್ತವನ್ನು. ಶೋಧವು ಮಹತ್ವದ್ದೇ ಆದರೂ ರೋಗದ ಮೇಲೆ ಮೊದಲ ಮುದ್ರೆ ಬಿದ್ದುದೂ ಅಲ್ಲಿಯೇ. ಸೋಂಕನ್ನು ಹೊತ್ತು ತಿರುಗಿದವರಿಗಿಂತ ಪರೀಕ್ಷೆಗೆ ಸಿಕ್ಕವರೇ ಅದರ ಮೂಲವೆಂಬ ಭಾವನೆ ನೆಲೆಯೂರಿತು. 1992ರಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯೂ 1997ರಲ್ಲಿ ಕರ್ನಾಟಕ ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿಯೂ ಅಸ್ತಿತ್ವಕ್ಕೆ ಬಂದವು. ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆ ರಚನೆಯಾದುದೂ 1997ರಲ್ಲಿಯೇ ಎಂಬುದು ಗಮನಾರ್ಹ. ಜಿಲ್ಲಾ ಮಟ್ಟದ ಆರೋಗ್ಯ ವ್ಯವಸ್ಥೆ ರೂಪುಗೊಳ್ಳುತ್ತಿದ್ದ ಕಾಲದಲ್ಲಿಯೇ ಅದು ಇಂಥ ರೋಗವನ್ನು ಎದುರಿಸಬೇಕಾಯಿತು.

ಅಂದಿನ ನಾಲ್ಕು ತಾಲೂಕುಗಳು ಒಂದೇ ಬಗೆಯವಲ್ಲ. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಪೂರ್ಣಗೊಂಡ ತರುವಾಯ ಎಡದಂಡೆ ಕಾಲುವೆಯ ನೀರು ಗಂಗಾವತಿಯನ್ನು ಭತ್ತದ ನಾಡಾಗಿ ಮಾರ್ಪಡಿಸಿತು. ಕ್ಯಾಂಪುಗಳು ಹುಟ್ಟಿದವು, ಅಕ್ಕಿ ಗಿರಣಿಗಳು ಎದ್ದವು, ಹೊರಗಿನಿಂದ ಕೂಲಿಕಾರರು ಬಂದರು. ಕುಷ್ಟಗಿ ಮತ್ತು ಯಲಬುರ್ಗಾಗಳಾದರೋ ಬಹುಮಟ್ಟಿಗೆ ಮಳೆಯನ್ನೇ ನಂಬಿದ ಒಣಬೇಸಾಯದ ನೆಲಗಳು. ಮಳೆ ಕೈಕೊಟ್ಟ ವರ್ಷ ಅಲ್ಲಿಯ ಕುಟುಂಬಗಳು ಗೋವೆ, ಮಂಗಳೂರು, ಬೆಂಗಳೂರು, ಮುಂಬಯಿಗಳಿಗೆ ದುಡಿಯಲು ಹೋಗುವುದನ್ನು ಸ್ಥಳೀಯರು ‘ಗುಳೆ’ ಎನ್ನುತ್ತಾರೆ. ಇದರ ಜೊತೆಗೆ ಸೊಲ್ಲಾಪುರ–ಮಂಗಳೂರು ಹೆದ್ದಾರಿ ಕುಷ್ಟಗಿಯನ್ನೂ ಅಂಕೋಲಾ–ಗುತ್ತಿ ಹೆದ್ದಾರಿ ಕೊಪ್ಪಳವನ್ನೂ ಹಾಯುತ್ತವೆ. 2000ದ ದಶಕದ ಅದಿರು ವ್ಯಾಪಾರದ ಅಬ್ಬರದಲ್ಲಿ ಹೊಸಪೇಟೆಯಿಂದ ಪಶ್ಚಿಮ ಕರಾವಳಿಗೆ ಹೊರಟ ಲಾರಿಗಳು ಈ ಎರಡನೆಯ ಹಾದಿಯಲ್ಲಿ ಸಾಗಿದವು. ಗಂಡಸರು ತಿಂಗಳುಗಟ್ಟಲೆ ಮನೆಯಿಂದ ದೂರವಿರುವ ಜೀವನಕ್ರಮ ಹೀಗೆ ಇಲ್ಲಿ ಸಹಜವೇ ಆಗಿಹೋಯಿತು.

ಈ ಹಂತದಲ್ಲಿ ದೇವದಾಸಿ ಪದ್ಧತಿಯ ಪ್ರಸ್ತಾಪ ಅನಿವಾರ್ಯ. ಮುನಿರಾಬಾದಿನ ಬಳಿಯ ಹುಲಿಗಿಯಲ್ಲಿ ನೆಲೆಸಿರುವ ಹುಲಿಗೆಮ್ಮನ ಹೆಸರಿನಲ್ಲಿ ಮುತ್ತು ಕಟ್ಟುವ ರೂಢಿ, ಬಹುಮಟ್ಟಿಗೆ ದಲಿತ ಕುಟುಂಬಗಳ ಹೆಣ್ಣುಮಕ್ಕಳ ಮೇಲೆ ಹೇರಲ್ಪಟ್ಟಿತ್ತು. ಇದನ್ನು ನಿಷೇಧಿಸಿದ 1934ರ ಮುಂಬಯಿ ಕಾಯ್ದೆಯ ವ್ಯಾಪ್ತಿ ನಿಜಾಮ ಸಂಸ್ಥಾನದಲ್ಲಿದ್ದ ಕೊಪ್ಪಳಕ್ಕೆ ಇರಲಿಲ್ಲ. ಕರ್ನಾಟಕದ ನಿಷೇಧ ಕಾಯ್ದೆ ಬಂದುದು 1982ರಲ್ಲಿ. ಅಂದರೆ ಧಾರವಾಡ, ಬೆಳಗಾವಿಗಳಿಗೆ ಹೋಲಿಸಿದರೆ ಅರ್ಧ ಶತಮಾನದಷ್ಟು ಕಾನೂನಿನ ಅಂತರ. ಆದರೆ ಇದರಿಂದ ಸೋಂಕಿನ ಹೊಣೆಯನ್ನು ಈ ಮಹಿಳೆಯರ ಮೇಲೆ ಹೊರಿಸುವುದು ಚರಿತ್ರೆಗೆ ಒಪ್ಪುವ ಮಾತಲ್ಲ. ಊರು ಬಿಟ್ಟು ಹೋಗಿ ಬಂದವರು ಗಂಡಸರು. ಮನೆಯಲ್ಲಿಯೇ ಉಳಿದ ಗೃಹಿಣಿಯರಿಗೂ ಸೋಂಕು ತಗುಲಿದ ಬಗೆ ಇದನ್ನೇ ಸೂಚಿಸುತ್ತದೆ.

ರೋಗದ ಗ್ರಾಮೀಣ ಸ್ವರೂಪ ಮೊದಲು ಸ್ಪಷ್ಟವಾದುದು ನೆರೆಯ ಬಾಗಲಕೋಟೆ ಜಿಲ್ಲೆಯ ಅಧ್ಯಯನಗಳಿಂದ. 2003ರ ಸುಮಾರಿನಲ್ಲಿ ಅಲ್ಲಿ ಜನಸಾಮಾನ್ಯರ ನಡುವೆ ನಡೆದ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ಶೇ. 2.9ರಷ್ಟು ಮಂದಿಯಲ್ಲಿ ಸೋಂಕು ಕಂಡುಬಂದಿತು. ಹಳ್ಳಿಗಳು ಪಟ್ಟಣಗಳಿಗಿಂತ ಸುರಕ್ಷಿತವೆಂಬ ಗ್ರಹಿಕೆ ಇದರಿಂದ ಮುರಿಯಿತು. ಗರ್ಭಿಣಿಯರಲ್ಲಿ ಶೇ. 1ನ್ನು ಮೀರಿ ಸೋಂಕು ಕಂಡ ಜಿಲ್ಲೆಗಳನ್ನು 2007ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದ ಮೂರನೆಯ ಹಂತದಲ್ಲಿ ‘ಎ’ ವರ್ಗಕ್ಕೆ ಸೇರಿಸಲಾಯಿತು. ಕೊಪ್ಪಳವೂ ಅವುಗಳಲ್ಲೊಂದು.

ಆರಂಭದ ಪ್ರಚಾರ ಸಾಹಿತ್ಯ ತಲೆಬುರುಡೆಯ ಚಿತ್ರಗಳಿಂದಲೂ ‘ಮಹಾಮಾರಿ’ ಎಂಬ ಪದದಿಂದಲೂ ತುಂಬಿತ್ತು. ಈ ಪದದ ಆಯ್ಕೆ ವಿಚಾರಾರ್ಹ. ಪ್ಲೇಗಿನ ಕಾಲದಲ್ಲಿ ಊರಿಗೆ ಊರೇ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಹೋಗುತ್ತಿತ್ತು, ಸಂಕಟ ಎಲ್ಲರದಾಗಿತ್ತು. ಎಚ್.ಐ.ವಿ.ಯಲ್ಲಿ ಊರು ಉಳಿದು ಒಬ್ಬನು ಹೊರಬಿದ್ದ. ಗಂಡ ಸತ್ತ ಮೇಲೆ ಹೆಂಡತಿಯನ್ನು ತವರಿಗೆ ಅಟ್ಟುವುದು, ಹೊಲದ ಪಾಲು ತಪ್ಪಿಸುವುದು, ತಾಟು-ಲೋಟ ಬೇರೆ ಇಡುವುದು ಇವೆಲ್ಲ ಆ ಭಯದ ಫಲಗಳು. ಮುಟ್ಟುವುದರಿಂದ, ಜೊತೆಗೆ ಉಣ್ಣುವುದರಿಂದ, ಸೊಳ್ಳೆ ಕಚ್ಚುವುದರಿಂದ ಸೋಂಕು ಹರಡದೆಂಬ ವಿಷಯ ಅದೇ ಭಿತ್ತಿಪತ್ರಗಳ ಕೆಳಗಿನ ಸಾಲಿನಲ್ಲಿ ಇದ್ದರೂ ಕಣ್ಣಿಗೆ ಬೀಳುತ್ತಿದ್ದುದು ಬುರುಡೆಯೇ.

ಹೆದರಿದವರು ಪರೀಕ್ಷೆಗೆ ಬರಲಿಲ್ಲ. ಸೋಂಕು ತಗುಲಿದ ಕೆಲವು ವಾರಗಳವರೆಗೆ ರಕ್ತದಲ್ಲಿ ಪ್ರತಿಕಾಯಗಳು ಕಾಣಿಸಿಕೊಳ್ಳದಿರಬಹುದು. ಈ ಕಿಂಡಿ ಅವಧಿಯ ಕಾರಣದಿಂದ ಮರುಪರೀಕ್ಷೆ ಬೇಕಾಗುತ್ತದೆ. ಫಲಿತಾಂಶ ಖಚಿತಪಡಿಸಲು ಬೇರೆ ಬೇರೆ ಬಗೆಯ ಮೂರು ಪರೀಕ್ಷೆಗಳೂ ಬೇಕು. ಮತ್ತೆ ಮತ್ತೆ ಬರಬೇಕಾದ ಇಂಥ ಸ್ಥಳ ಹತ್ತಿರವೂ ಗುಟ್ಟಿನದೂ ಆಗಿರಬೇಕು. ಕೊಪ್ಪಳಕ್ಕೆ ಅಂಟಿಕೊಂಡಿರುವ ಭಾಗ್ಯನಗರದ ಉದಾಹರಣೆ ಇಲ್ಲಿ ಸೂಕ್ತ. ನೇಕಾರಿಕೆಗೂ ತಲೆಗೂದಲು ಸಂಸ್ಕರಣೆಗೂ ಹೆಸರಾದ ಆ ಊರಿನಲ್ಲಿ ಕೂದಲು ಬಿಡಿಸುವ ಕೆಲಸ ಬಹುಪಾಲು ಹೆಂಗಸರದು. ಅಂಥ ಕೂಲಿಯವರಿಗೆ ಆಸ್ಪತ್ರೆಯ ಒಂದು ದಿನವೆಂದರೆ ಒಂದು ದಿನದ ಸಂಪಾದನೆಯ ನಷ್ಟ. ಜಿಲ್ಲಾ ಆಸ್ಪತ್ರೆ ಪಕ್ಕದಲ್ಲಿಯೇ ಇದ್ದವರ ಸ್ಥಿತಿ ಇದಾದರೆ ಕುಷ್ಟಗಿಯ ಅಂಚಿನ ಹಳ್ಳಿಗಳದನ್ನು ಊಹಿಸಬಹುದು.

ಚಿಕಿತ್ಸೆಯ ದೂರವಂತೂ ಇನ್ನೂ ದೊಡ್ಡದು. 2004ರ ಏಪ್ರಿಲ್ ಒಂದರಂದು ಸರ್ಕಾರ ಉಚಿತ ಎ.ಆರ್.ಟಿ. ಔಷಧವನ್ನು ಆರಂಭಿಸಿದಾಗ ದೇಶದಲ್ಲಿ ಎಂಟೇ ಆಸ್ಪತ್ರೆಗಳಲ್ಲಿ ಅದು ದೊರೆಯುತ್ತಿತ್ತು. ಕರ್ನಾಟಕದ ಪಾಲಿಗೆ ಅದು ಬೆಂಗಳೂರಿನ ಬೌರಿಂಗ್ ಆಸ್ಪತ್ರೆ, ಕೊಪ್ಪಳದಿಂದ ಮುನ್ನೂರು ಕಿ.ಮೀ.ಗೂ ಆಚೆ. ಸಿ.ಡಿ.4 ಕಣಗಳ ಸಂಖ್ಯೆ 200ಕ್ಕಿಂತ ಇಳಿದ ಬಳಿಕವೇ ಸಾಮಾನ್ಯವಾಗಿ ಔಷಧ ಆರಂಭ. ಅಷ್ಟರಲ್ಲಿ ರೋಗಿ ಪಯಣಕ್ಕೆ ಆಗದಷ್ಟು ಬಳಲಿರುತ್ತಿದ್ದುದೇ ಹೆಚ್ಚು. ಆ ಕಾಲದ ಸ್ಟಾವುಡಿನ್ ಎಂಬ ಔಷಧ ಜೀವ ಉಳಿಸಿತಾದರೂ ದೀರ್ಘಕಾಲ ತೆಗೆದುಕೊಂಡವರಲ್ಲಿ ಅನೇಕರ ಕೆನ್ನೆಯ ಕೊಬ್ಬು ಕರಗಿ ಮುಖ ಗುಳಿಬೀಳುತ್ತಿತ್ತು. ಬಾಯಿಬಿಡದಿದ್ದರೂ ಮುಖವೇ ಊರಿಗೆ ಸುದ್ದಿ ಹೇಳಿತು! ಮುಂದೆ ಆ ಔಷಧವನ್ನು ಕೈಬಿಡಲಾಯಿತು. ಇದೇ ಅವಧಿಯಲ್ಲಿ ಚಿಕಿತ್ಸಾ ಕೇಂದ್ರಗಳು ಜಿಲ್ಲೆಗಳಿಗೂ ಔಷಧ ವಿತರಣೆಯ ಉಪಕೇಂದ್ರಗಳು ಅದಕ್ಕಿಂತ ಕೆಳಗಿನ ಆಸ್ಪತ್ರೆಗಳಿಗೂ ವಿಸ್ತರಿಸಿದವು.

ಗರ್ಭಿಣಿಯರ ಪರೀಕ್ಷೆಯ ಫಲ ಇನ್ನೂ ದೊಡ್ಡದು. ಯಾವ ಉಪಚಾರವೂ ಇಲ್ಲದಿದ್ದಲ್ಲಿ ಹೆರಿಗೆ ಹಾಗೂ ಎದೆಹಾಲಿನ ಅವಧಿ ಸೇರಿ ಮಗುವಿಗೆ ಸೋಂಕು ದಾಟುವ ಸಂಭವ ಶೇ. 15ರಿಂದ 45. ಮೊದಲು ಹೆರಿಗೆಯ ವೇಳೆ ತಾಯಿಗೂ ಬಳಿಕ ಮಗುವಿಗೂ ಒಂದೊಂದು ಬಾರಿ ನೆವಿರಪಿನ್ ಕೊಡಲಾಗುತ್ತಿತ್ತು. 2014ರಿಂದ ಸೋಂಕಿತ ಗರ್ಭಿಣಿಯರೆಲ್ಲರಿಗೂ ಆಜೀವ ಚಿಕಿತ್ಸೆ ಜಾರಿಗೆ ಬಂದು ಈ ಸಂಭವವನ್ನು ಶೇ. 5ಕ್ಕಿಂತ ಕೆಳಗೆ ಇಳಿಸುವುದು ಸಾಧ್ಯವಾಯಿತು.

2017ರಲ್ಲಿ ಸಿ.ಡಿ.4 ಮಿತಿಯೂ ಹೋಗಿ, ಸೋಂಕು ದೃಢಪಟ್ಟ ಎಲ್ಲರಿಗೂ ಚಿಕಿತ್ಸೆ ಎಂಬ ನೀತಿ ಬಂದಿತು. ಅದೇ ವರ್ಷ ಅಂಗೀಕೃತವಾಗಿ 2018ರ ಸೆಪ್ಟೆಂಬರ್ 10ರಿಂದ ಜಾರಿಯಾದ ಕಾಯ್ದೆಯು ಒಪ್ಪಿಗೆಯಿಲ್ಲದ ಪರೀಕ್ಷೆಯನ್ನೂ, ಸೋಂಕಿನ ವಿವರವನ್ನು ಬಯಲುಮಾಡುವುದನ್ನೂ, ಉದ್ಯೋಗ, ಶಾಲೆ, ವಸತಿಗಳಲ್ಲಿ ತಾರತಮ್ಯವನ್ನೂ ನಿರ್ಬಂಧಿಸಿದೆ. ಔಷಧವನ್ನು ತಪ್ಪದೆ ಸೇವಿಸಿ ರಕ್ತದಲ್ಲಿನ ವೈರಾಣು ಪತ್ತೆಗೆ ಸಿಗದಷ್ಟು ಇಳಿದರೆ ಲೈಂಗಿಕ ಸಂಪರ್ಕದ ಮೂಲಕ ಸಂಗಾತಿಗೆ ಸೋಂಕು ದಾಟದೆಂಬುದು ಈಗ ಸ್ಥಾಪಿತ ಸತ್ಯ. ರಾಜ್ಯದ ವಯಸ್ಕರಲ್ಲಿ ಸೋಂಕಿನ ಪ್ರಮಾಣ 2021ರ ಅಂದಾಜಿನಂತೆ ಶೇ. 0.46.

ಗುಳೆ ಮಾತ್ರ ನಿಂತಿಲ್ಲ. ಆದಕಾರಣ ಕುಷ್ಟಗಿ, ಯಲಬುರ್ಗಾಗಳ ಕೂಲಿಕಾರನಿಗೆ ಚಿಕಿತ್ಸೆಯ ಪ್ರಶ್ನೆಯು ಕೊನೆಗೂ ಲೆಕ್ಕದ ಪ್ರಶ್ನೆಯೇ: ಗೋವೆಗೆ ಹೊರಡುವಾಗ ಚೀಲದಲ್ಲಿ ಎಷ್ಟು ತಿಂಗಳ ಮಾತ್ರೆ ಇದೆ, ಅವು ಮುಗಿದಾಗ ಅಲ್ಲಿಯ ಕೇಂದ್ರದಲ್ಲಿ ಪಡೆಯಲು ಬೇಕಾದ ಚೀಟಿ ಜೊತೆಗಿದೆಯೇ, ಮತ್ತು ಒಂದೇ ಶೆಡ್ಡಿನಲ್ಲಿ ಮಲಗುವ ಹತ್ತು ಜನರ ನಡುವೆ ದಿನಕ್ಕೊಂದು ಮಾತ್ರೆಯನ್ನು ಯಾರ ಪ್ರಶ್ನೆಗೂ ಗುರಿಯಾಗದೆ ನುಂಗುವುದು ಹೇಗೆ.