ತಕ್ಕೋಲದ ಸುರಿಗೆ, ಬೆಳತೂರಿನ ಹಂದಿ: ಆತಕೂರು ಶಾಸನದ ಸಾಹಸಕಥನ

ಆತಕೂರು ಶಾಸನಕ್ಕೆ ಎರಡು ಬಗೆಯ ಓದುಗರಿದ್ದಾರೆ, ಎರಡೂ ಬಗೆಯವರು ಅರ್ಧಕ್ಕೇ ನಿಲ್ಲಿಸುತ್ತಾರೆ. ರಾಜಕೀಯ ಇತಿಹಾಸ ಬರೆಯುವವರಿಗೆ ಬೇಕಾದದ್ದು ತಕ್ಕೋಲದ ಯುದ್ಧ. ಬೂತುಗ ಚೋಳ ರಾಜಾದಿತ್ಯನನ್ನು ಕೊಂದ ಸಂಗತಿ ಕೈಗೆ ಬಂದೊಡನೆ ಉಳಿದ ಸಾಲುಗಳು ಅವರಿಗೆ ಭಾರ. ಇನ್ನೊಂದು ಬಗೆಯವರು ಕಾಳಿ ಎಂಬ ಬೇಟೆನಾಯಿಯನ್ನು ಹಿಡಿದುಕೊಂಡು, ಸ್ವಾಮಿನಿಷ್ಠೆಗೆ ಸಂದ ಅಪೂರ್ವ ಸ್ಮಾರಕವೆಂದು ಬರೆದು ಕೈತೊಳೆದುಕೊಳ್ಳುತ್ತಾರೆ. ನಾಯಿಯ ನಿಷ್ಠೆಯ ಬಗ್ಗೆ ಶಾಸನದಲ್ಲಿ ಒಂದು ಮಾತೂ ಇಲ್ಲ. ಇಲ್ಲದ್ದನ್ನು ಓದುವ ಈ ಉತ್ಸಾಹ ಇರುವುದನ್ನು ಓದುವಾಗಲೂ ಇದ್ದಿದ್ದರೆ ಈ ಲೇಖನದ ಅಗತ್ಯ ಬೀಳುತ್ತಿರಲಿಲ್ಲ.

ಮದ್ದೂರು ಸೀಮೆಯ ಆತಕೂರಿನಿಂದ ಬೆಂಗಳೂರಿನ ವಸ್ತುಸಂಗ್ರಹಾಲಯಕ್ಕೆ ಬಂದಿರುವ ಈ ಕಲ್ಲಿನ ಕಾಲ ಶಕವರ್ಷ 872, ಸೌಮ್ಯ ಸಂವತ್ಸರ, ಕ್ರಿ.ಶ. 949-50. ರಾಷ್ಟ್ರಕೂಟ ಮೂರನೆಯ ಕೃಷ್ಣ, ಗಂಗ ಇಮ್ಮಡಿ ಬೂತುಗ, ಬೂತುಗನ ಆಳು ಮಣಲೆರ: ಈ ಮೂವರ ಸಂಬಂಧವನ್ನು ಮತ್ತೆ ವಿವರಿಸಬೇಕಾಗಿಲ್ಲ. ವಿವಾದವಿರುವುದು ರಾಜಾದಿತ್ಯನ ಸಾವಿನ ವಿಷಯದಲ್ಲಿ. ಎಪಿಗ್ರಾಫಿಯಾ ಇಂಡಿಕಾದ ಎರಡನೆಯ ಸಂಪುಟದಲ್ಲಿ ಈ ಶಾಸನವನ್ನು ಸಂಪಾದಿಸಿದ ಜೆ.ಎಫ್. ಫ್ಲೀಟರು, ಬೂತುಗ ಕಪಟದಿಂದ ಇರಿದು ಕೊಂದನೆಂದು ಮೊದಲು ಅರ್ಥ ಮಾಡಿದರು. ಆಮೇಲೆ ಅವರೇ ಅದನ್ನು ಕೈಬಿಟ್ಟು, ಆನೆಯ ಮೇಲಿನ ಅಂಬಾರಿಯನ್ನೇ ರಣಕಣವಾಗಿಸಿಕೊಂಡು ಸುರಿಗೆಯಿಂದ ಇರಿದು ಕಾದಿ ಕೊಂದನೆಂಬ ಅರ್ಥಕ್ಕೆ ಬಂದರು. ತಿದ್ದುವ ದೊಡ್ಡತನ ಫ್ಲೀಟರಿಗಿತ್ತು. ಅವರ ಮೊದಲ ಓದನ್ನೇ ಎತ್ತಿಕೊಂಡು ಗಂಗರ ಮೇಲೆ ಕಪಟದ ಕಳಂಕ ಹೊರಿಸಿದವರಿಗೆ ಅದು ಬರಲಿಲ್ಲ.

ತಿದ್ದಿದ ಅರ್ಥವೇ ಸರಿ ಎನ್ನುವುದಕ್ಕೆ ವ್ಯಾಕರಣದ ಆಧಾರ ಇದ್ದೇ ಇದೆ. ಅದಕ್ಕಿಂತ ಬಲವಾದ ಆಧಾರ ಎದುರುಪಕ್ಷದಲ್ಲಿದೆ, ಅದನ್ನು ನಮ್ಮವರು ಈ ವಾದಕ್ಕೆ ಬಳಸಿಕೊಂಡದ್ದು ಕಡಿಮೆ. ಚೋಳರ ಶಾಸನಗಳಲ್ಲಿ ರಾಜಾದಿತ್ಯನಿಗೆ ಇರುವ ವಿಶೇಷಣವೇ ಆನೆಯ ಮೇಲೆ ಮಡಿದವನು ಎಂಬುದು. ಲೈಡನ್ ಹೆಸರಿನಿಂದ ಪ್ರಸಿದ್ಧವಾದ ದೊಡ್ಡ ತಾಮ್ರಪಟಗಳು ಯುದ್ಧ ಮುಗಿದು ಅರ್ಧ ಶತಮಾನವಾದ ಮೇಲೆ ಹುಟ್ಟಿದವು. ನಾಗಪಟ್ಟಿನದ ಬೌದ್ಧವಿಹಾರಕ್ಕೆ ಆನೈಮಂಗಲವನ್ನು ಬಿಟ್ಟ ದತ್ತಿಯವು. ಅವುಗಳ ಸಂಸ್ಕೃತ ಭಾಗದಲ್ಲಿ ರಾಜಾದಿತ್ಯ ಕೃಷ್ಣರಾಜನ ಸೈನ್ಯವನ್ನು ಕಲಕಿ, ಆನೆಯ ಬೆನ್ನಿನ ಮೇಲಿರುವಾಗಲೇ ಕೃಷ್ಣನ ಬಾಣಗಳು ಎದೆಗೆ ನಾಟಿ, ವಿಮಾನವೇರಿ ಸ್ವರ್ಗಕ್ಕೆ ಹೋಗುತ್ತಾನೆ. ಮೋಸದ ದೂರು ಎಲ್ಲೂ ಇಲ್ಲ. ಯುವರಾಜನನ್ನು ಕಳೆದುಕೊಂಡ ಮನೆತನ, ಅವನು ನಿಜಕ್ಕೂ ಕಪಟಕ್ಕೆ ಬಲಿಯಾಗಿದ್ದರೆ, ಅದನ್ನು ಹೇಳದೆ ಬಿಡುತ್ತಿತ್ತೇ? ಸೋಲಿಗೆ ಅದಕ್ಕಿಂತ ಒಳ್ಳೆಯ ಸಮಜಾಯಿಷಿ ಬೇರೆ ಯಾವುದಿತ್ತು?

ಇಲ್ಲಿ ಇನ್ನೊಂದು ಆಕ್ಷೇಪ ಏಳುತ್ತದೆ, ಅದು ಕಪಟವಾದಕ್ಕಿಂತ ಗಟ್ಟಿಯಾದದ್ದು. ಕೊಂದವನು ಯಾರು? ತಾಮ್ರಪಟಗಳ ಪ್ರಕಾರ ಕೃಷ್ಣ. ಆತಕೂರು ಶಾಸನದ ಆರಂಭದಲ್ಲೂ ಕೃಷ್ಣನೇ ತಕ್ಕೋಲದಲ್ಲಿ ಕಾದಿ ಕೊಂದವನು. ಅದೇ ಕಲ್ಲು ಮುಂದುವರಿದಾಗ ಕೊಂದ ಕೈ ಬೂತುಗನದು. ಎರಡಕ್ಕೆ ಒಂದು ಎಂದು ಲೆಕ್ಕ ಹಾಕಿ ಬೂತುಗನ ಪಾತ್ರವನ್ನು ಗಂಗರ ಬಡಾಯಿ ಎಂದು ತಳ್ಳಿಹಾಕುವವರಿದ್ದಾರೆ. (ಸಾಕ್ಷಿಗಳನ್ನು ತೂಗುವ ಬದಲು ಎಣಿಸುವುದು ನಮ್ಮ ಸಂಶೋಧನೆಗೆ ಅಂಟಿದ ಹಳೆಯ ರೋಗ.) ಶಾಸನದ ಆರಂಭ ಆಳುವ ಚಕ್ರವರ್ತಿಯ ಪೀಠಿಕೆ, ದಂಡು ಗೆದ್ದದ್ದೆಲ್ಲ ಅಲ್ಲಿ ಒಡೆಯನ ಹೆಸರಿಗೆ ಜಮೆಯಾಗುತ್ತದೆ. ಅಲ್ಲಿ ಆಯುಧದ ಹೆಸರಿಲ್ಲ, ನಿಂತ ಜಾಗದ ಹೆಸರಿಲ್ಲ. ಬೂತುಗನ ಪ್ರಸಂಗಕ್ಕೆ ಬಂದಾಗ ಎರಡೂ ಇವೆ. ತಾಮ್ರಪಟದ ಬಾಣ ದೂರದಿಂದ ಬರುವಂಥದು, ರಾಜನನ್ನು ರಾಜನೇ ಕೊಲ್ಲಬೇಕೆಂಬ ಕಾವ್ಯದ ಮರ್ಯಾದೆಗೆ ಒಗ್ಗುವಂಥದು. ಸುರಿಗೆ ಎದುರಾಳಿಯ ಉಸಿರು ತಾಗುವಷ್ಟು ಹತ್ತಿರ ಹೋಗದೆ ಕೆಲಸ ಮಾಡುವುದಿಲ್ಲ. ಒಬ್ಬನ ಆನೆಯ ಮೇಲಕ್ಕೆ ಇನ್ನೊಬ್ಬ ಹತ್ತಿ, ಇಬ್ಬರು ನಿಲ್ಲಲೂ ಇಕ್ಕಟ್ಟಾದ ಕಡೆ ಕಾದುವುದು ಯುದ್ಧತಂತ್ರವಲ್ಲ. ಗೆಲ್ಲುವುದಷ್ಟೇ ಗುರಿಯಾದರೆ ಬಾಣ ಸಾಕು.

ಈ ಹತ್ತಿರದ ಆಸೆಯನ್ನೇ ನಾನು ಸಾಹಸವೆನ್ನುತ್ತಿರುವುದು. ಫಲಕ್ಕಿಂತ ಒದಗಿದ ರೀತಿಯೇ ಮುಖ್ಯವಾದಾಗ ಮಾತ್ರ ಕಥೆಗಾರ ಆಯುಧ ಯಾವುದೆಂದು, ನಿಂತದ್ದು ಎಲ್ಲೆಂದು ಹೇಳುತ್ತಾನೆ.

ಆ ರೀತಿಯ ಕಥನ ಏನು ಮಾಡಬಲ್ಲದು ಎಂಬುದಕ್ಕೆ ಬಹುಮಾನದ ಪಟ್ಟಿ ನೋಡಬೇಕು. ಮೆಚ್ಚಿದ ಕೃಷ್ಣ ಬೂತುಗನಿಗೆ ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70 ಕೊಟ್ಟನೆಂದು ಆತಕೂರು ಶಾಸನ ಹೇಳುತ್ತದೆ. ಈಗ ಧಾರವಾಡ ಸೀಮೆಯ ಹೆಬ್ಬಾಳದ 975ರ ಶಾಸನ ತೆಗೆಯಿರಿ (ಬೆಂಗಳೂರಿನ ಹೆಬ್ಬಾಳವಲ್ಲ, ಎರಡನ್ನೂ ಬೆರೆಸಿದ ಬರಹ ನೋಡಿದ್ದೇನೆ). ಅದರ ಪ್ರಕಾರ ಬನವಾಸಿಯೊಂದನ್ನು ಬಿಟ್ಟು ಉಳಿದ ನಾಲ್ಕೂ ನಾಡುಗಳು ಬೂತುಗನಿಗೆ ಬಂದದ್ದು ಬಳುವಳಿಯಾಗಿ, ಕೃಷ್ಣನ ಅಕ್ಕ ರೇವಕನಿಮ್ಮಡಿಯನ್ನು ಮದುವೆಯಾದಾಗ. ಅಂದರೆ ತಕ್ಕೋಲಕ್ಕೆ ಮೊದಲೇ ಅವನ ಪಾಲಿಗೆ ಬಂದಿದ್ದವು. ಕೃಷ್ಣ ಅವನ್ನು ಯುದ್ಧಾನಂತರ ಖಾಯಂ ಮಾಡಿಕೊಟ್ಟನೆಂದು ಹೊಂದಿಸುವುದು ರೂಢಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಹೊಂದಿಸಿದ ಮೇಲೂ ಒಂದು ಸಂಗತಿ ಉಳಿಯುತ್ತದೆ: ಹೆಂಡತಿಯ ಮನೆಯಿಂದ ಬಂದ ನಾಡುಗಳನ್ನು ಆತಕೂರಿನ ಕಥನ ಅಂಬಾರಿಯ ಮೇಲೆ ಗೆದ್ದ ನಾಡುಗಳನ್ನಾಗಿಸಿದೆ. ಅಳಿಯನಾಗಿ ಪಡೆದದ್ದನ್ನು ಭಂಟನಾಗಿ ಗಳಿಸಿದಂತೆ ಹೇಳಿಕೊಳ್ಳುವ ಆಸೆ 10ನೇ ಶತಮಾನದ ಗಂಗರಸನಿಗೂ ಇತ್ತು.

ಮಣಲೆರನ ಕಥೆ ಇದಕ್ಕಿಂತ ವಿಚಿತ್ರ. ಬೇಕಾದ್ದು ಬೇಡು ಎಂದಾಗ ಅವನು ಕೇಳಿದ್ದು ಕಾಳಿಯನ್ನು. ಅವನಿಗೆ ಭೂಮಿಯೂ ಸಿಕ್ಕಿತೆಂಬುದನ್ನು ಮರೆಮಾಚಬಾರದು: ಆತಕೂರು 12 ಮತ್ತು ಬೆಳ್ವೊಲದ ಒಂದು ಊರು ಬೂತುಗನಿಂದ ಬಂದವು. ಹಾಗಾಗಿ ಮಣಲೆರನನ್ನು ನಿಸ್ಪೃಹ ಸಾಧುವನ್ನಾಗಿ ಚಿತ್ರಿಸುವ ಗೊಡವೆ ಬೇಡ. ಆದರೆ ಊರು ಅವನು ಬಾಯಿಬಿಟ್ಟು ಬೇಡಿದ್ದಲ್ಲ, ನಾಯಿ ಬೇಡಿದ್ದು. ಅದನ್ನು ತಂದು ಕೆಳಲೆನಾಡಿನ ಬೆಳತೂರಿನ ಪಡುವಣ ಮೊರಡಿಯಲ್ಲಿ ದೊಡ್ಡ ಹಂದಿಯ ಮೇಲೆ ಬಿಟ್ಟ. ಹಂದಿ, ನಾಯಿ ಎರಡೂ ಸತ್ತವು. ಆತಕೂರಿನ ಚಲ್ಲೇಶ್ವರದ ಮುಂದೆ ಕಲ್ಲು ನಿಂತಿತು.

ಈ ಘಟನೆಯನ್ನು ತಮಿಳುನಾಡಿನ ಎಡುತ್ತನೂರಿನ ಕಲ್ಲಿನ ಪಕ್ಕದಲ್ಲಿಟ್ಟು ನೋಡಿದರೆ ನಿಷ್ಠೆಯ ವಾದ ತಾನಾಗಿ ಕುಸಿಯುತ್ತದೆ. 7ನೇ ಶತಮಾನದ ಆರಂಭದ, ಒಂದನೆಯ ಮಹೇಂದ್ರವರ್ಮನ ಕಾಲದ ಆ ವೀರಗಲ್ಲಿನಲ್ಲಿ ಕೋವಿವನ್ ಎಂಬ ನಾಯಿ ಇದೆ. ತುರುಗೋಳಿನಲ್ಲಿ ಒಡೆಯ ಬಿದ್ದ ಮೇಲೆ ಕಳ್ಳರಿಬ್ಬರನ್ನು ಕಚ್ಚಿ ಕಾವಲು ನಿಂತ ನಾಯಿ ಅದು. ನಿಷ್ಠೆಯೆಂದರೆ ಅದು. ಕಾಳಿ ಕಾಯ್ದದ್ದು ಯಾರನ್ನು? ಮೊರಡಿಯಲ್ಲಿ ದನವಿರಲಿಲ್ಲ, ಹೆಣ್ಣಿನ ಮಾನವಿರಲಿಲ್ಲ, ಊರಿನ ಗಡಿಯಿರಲಿಲ್ಲ. ವೀರಗಲ್ಲು ನಿಲ್ಲಲು ಇರಬೇಕಾದ ಮಾಮೂಲಿ ಕಾರಣಗಳಲ್ಲಿ ಒಂದೂ ಇಲ್ಲದೆ ನಿಂತ ಕಲ್ಲು ಇದು. ಆದರೂ ಮೇಲುಭಾಗದ ಶಿಲ್ಪದಲ್ಲಿ ಕೆತ್ತಿಸಿದ್ದು ತಕ್ಕೋಲದ ಆನೆಯನ್ನಲ್ಲ, ನಾಯಿ-ಹಂದಿಯ ಕಾಳಗವನ್ನು. ಚೋಳ ರಾಜ್ಯದ ದಿಕ್ಕು ತಪ್ಪಿಸಿದ ಯುದ್ಧಕ್ಕೆ ಅಕ್ಷರ ಸಾಕೆಂದು, ಯಾರಿಗೂ ಏನನ್ನೂ ಗಳಿಸಿಕೊಡದ ಕಾದಾಟಕ್ಕೆ ಚಿತ್ರ ಬೇಕೆಂದು ಬಗೆದವರ ಮನಸ್ಸನ್ನು ನಮ್ಮ ಶಾಸನಶಾಸ್ತ್ರ ಕೇಳಿಯೇ ಇಲ್ಲ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ ಓದಿ ಬೆಳೆದವನಾಗಿ ಈ ಮಾತು ಬರೆಯಲು ನನಗೆ ಹೆದರಿಕೆಯಿಲ್ಲ: ಶಾಸನ ಕೇವಲ ಆಧಾರವಲ್ಲ, ಬದುಕು ಎಂದು ತೋರಿಸಿದವರು ಅವರು. ಆಮೇಲೆ ಬಂದವರು ಮತ್ತೆ ಅದನ್ನು ಆಧಾರಕ್ಕೆ ಇಳಿಸಿದರು.

ನನ್ನ ಉತ್ತರ ಇದು. ನಾಯಿಯ ಪ್ರಸಂಗವೂ ಅಂಬಾರಿಯ ಪ್ರಸಂಗವೂ ಒಂದೇ ಅಚ್ಚಿನವು. ಎರಡರಲ್ಲೂ ಹಿಂದೆಗೆಯಲು ಎಡೆಯಿಲ್ಲದಷ್ಟು ಹತ್ತಿರದ ಎದುರಾಳಿ, ಎರಡರಲ್ಲೂ ಬೇಕೆಂದೇ ಹೊಕ್ಕ ಅಪಾಯ. ಹಂದಿಯ ಕಥೆಯಲ್ಲಿ ಲಾಭದ ಸೋಂಕಿಲ್ಲದಿರುವುದರಿಂದ ಆ ಅಚ್ಚು ಇನ್ನೂ ಸ್ಪಷ್ಟ. ಸಾಹಸವನ್ನು ಕುರಿತು 1911ರಲ್ಲಿ ಬರೆದ ಜರ್ಮನ್ ಚಿಂತಕ ಗೇಯೋರ್ಗ್ ಸಿಮ್ಮೆಲ್, ಅದು ಬದುಕಿನ ಎಡೆಬಿಡದ ಹರಿವಿನಿಂದ ಕಳಚಿಕೊಂಡ ತುಣುಕು ಎಂದ. ಆತಕೂರಿನ ಮಟ್ಟಿಗೆ ಈ ಮಾತು ಅರ್ಧ ಸರಿ. ಕಾದಾಟ ಕಳಚಿಕೊಂಡದ್ದೇ; ಆದರೆ ಕಲ್ಲು ನಿಂತ ಮರುಗಳಿಗೆಯಿಂದ ಅದು ಊರಿನ ಲೆಕ್ಕಕ್ಕೆ ಸೇರಿತು. ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಮಣ್ಣು ಬಿಟ್ಟರು. ಆ ಸ್ಥಾನದ ಗೊರವ ಕಲ್ಲನ್ನು ಪೂಜಿಸದೆ ಉಂಡರೆ ನಾಯಿಯ ಪಾಪ ಅವನಿಗೆ. ಒಂದು ಹೊತ್ತಿನ ಬೇಟೆ ಒಬ್ಬ ಪೂಜಾರಿಯ ನಿತ್ಯದ ಊಟಕ್ಕೆ ಗಂಟುಬಿದ್ದಿದೆ. ಸಾಹಸವನ್ನು ಬದುಕಿನ ಹೊರಗಿಡಲು ಆ ಊರು ಒಪ್ಪಲಿಲ್ಲ.

ತಕ್ಕೋಲದ ಸೆಳೆತ ಗೆದ್ದವರಿಗೆ ಮಾತ್ರ ಇತ್ತೆಂದು ಯಾರೂ ತಿಳಿಯಬೇಕಾಗಿಲ್ಲ. ರಾಜಾದಿತ್ಯನ ಜೊತೆಗಾರನಾಗಿದ್ದ ಕೇರಳದವನೊಬ್ಬ ಒಡೆಯನ ಕೊನೆಯ ಕಾಳಗದಲ್ಲಿ ಇರಲಾಗಲಿಲ್ಲ. ಅದಕ್ಕೆ ಕೊರಗಿ ಸಂಸಾರ ಬಿಟ್ಟು, ತಿರುವೊಟ್ರಿಯೂರಿನಲ್ಲಿ ನಿರಂಜನಗುರುವಿನ ಶಿಷ್ಯನಾಗಿ ಚತುರಾನನ ಪಂಡಿತನಾದ. ಚೋಳರ ದಂಡನಾಯಕ ವೆಳ್ಳನ್ ಕುಮಾರನ್ ಇವನೇ ಎಂದು ವಿದ್ವಾಂಸರು ಗುರುತಿಸಿದ್ದಾರೆ, ನನಗೂ ಅದು ಒಪ್ಪಿಗೆ. ಅವನ ಕಥೆ ಹೇಳುವ ಶಾಸನ ಹುಟ್ಟಿದ್ದು ಆ ಒಡೆಯನನ್ನು ಸೋಲಿಸಿದ ಕೃಷ್ಣನ ಆಳ್ವಿಕೆಯಲ್ಲೇ. ಕಾದಿ ಸತ್ತ ನಾಯಿಗೆ ಕಲ್ಲು, ಕಾದಲು ಸಿಗದ ದಂಡನಾಯಕನಿಗೆ ಕಾಷಾಯ. ತಕ್ಕೋಲವನ್ನು ಬರೀ ಗಡಿಯ ಜಗಳವೆಂದು ಓದುವವರು ಈ ಎರಡನ್ನೂ ಯಾವ ಅಧ್ಯಾಯಕ್ಕೆ ಸೇರಿಸುತ್ತಾರೆಂದು ಕೇಳಬೇಕು.